ಸುಳ್ಯದ ಸೀಮೆಯಲ್ಲಿ ಬೆಳೆಯುವ ಸಂಜೆಗಳು

ಆಂಗ್ಲ ಕಾವ್ಯವನ್ನೋದಿ ಬೆಳೆದ ನಮ್ಮಂತಹವರಿಗೆ, ಚಳಿಗಾಲದ ಕಡೆಯಲ್ಲಿ ಹಗಲು ದೀರ್ಘವಾಗುವ ಸಂತೋಷವು ಪರದೇಶದ ಸೊತ್ತೆಂದೇ ತೋರುವುದುಂಟು. ಲಂಡನ್ ನಗರದಲ್ಲಿ ಡಿಸೆಂಬರಿನ ಹಗಲು 8 ಗಂಟೆಗೂ ಕಡಮೆ. ಜೂನಿನದು 16 ಗಂಟೆಗೂ ಮಿಗಿಲು. ಸುಳ್ಯವಾದರೋ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹನ್ನೆರಡೂವರೆ ಅಂಶಗಳಷ್ಟೇ ದೂರದಲ್ಲಿದೆ. ಅಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಇರುವ ಅಂತರವು ಒಂದೂವರೆ ಗಂಟೆಯನ್ನು ಮುಟ್ಟದು. ಹೀಗಿದ್ದರೂ ಜನವರಿಯಲ್ಲಿ ಪಯಸ್ವಿನಿಯ ದಡದ ಹಳ್ಳಿಗಳಲ್ಲಿ ಎರಡು ವಾರ ನಿಂತವರಿಗೆ ಸಂಜೆ ಬೆಳೆಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಇದು ಭ್ರಮೆಯಲ್ಲ.

ಡಿಸೆಂಬರ್ 22ರಂದು ಸುಳ್ಯದಲ್ಲಿ ಸೂರ್ಯನು ಸುಮಾರು 6-45ಕ್ಕೆ ಹುಟ್ಟಿ ಸಂಜೆ 6-09ಕ್ಕೆ ಮುಳುಗುತ್ತಾನೆ. ಜನವರಿ 25ರಂದು ಹುಟ್ಟುವುದು 6-54ಕ್ಕೆ, ಮುಳುಗುವುದು 6-26ಕ್ಕೆ. ಹಗಲು ಬೆಳೆದುದು 8 ನಿಮಿಷ. ಸಂಜೆಗೆ ದೊರೆತುದು 17 ನಿಮಿಷ! ಉಳಿದ 9 ನಿಮಿಷಗಳನ್ನು ಬೆಳಗು ತನ್ನ ಗಂಟಿನಿಂದ ತೆತ್ತಿದೆ.

ಇದಕ್ಕೆ ಕಾರಣಗಳು ಎರಡು. ಭೂಮಿಯ ಅಕ್ಷವು ಓರೆಯಾಗಿದೆಯಷ್ಟೆ. ಅದಲ್ಲದೆ ಜನವರಿಯ ಮೊದಲ ವಾರದಲ್ಲಿ ಭೂಮಿಯು ಸೂರ್ಯನಿಗೆ ಅತಿ ಸಮೀಪದಲ್ಲಿದ್ದು ತನ್ನ ಪಥದಲ್ಲಿ ಅತಿ ವೇಗವಾಗಿ ಚಲಿಸುತ್ತದೆ. ಇವೆರಡೂ ಕೂಡಿದುದರಿಂದ, ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ 24 ಗಂಟೆಗಳ ಮೇಲೆ ಕೆಲವು ಸೆಕೆಂಡುಗಳು ಹೆಚ್ಚಾಗಿ ಹಿಡಿಯುತ್ತವೆ. ಗಡಿಯಾರಕ್ಕೆ ಈ ಸೂಕ್ಷ್ಮ ತಿಳಿಯದು. ನವೆಂಬರಿನ ಮೊದಲಿನಿಂದ ಫೆಬ್ರವರಿಯ ಎರಡನೆಯ ವಾರದವರೆಗೆ ನಿಜವಾದ ನಡುಹಗಲು ಗಡಿಯಾರದಲ್ಲಿ ಸುಮಾರು 30 ನಿಮಿಷ ಹಿಂದಕ್ಕೆ ಬೀಳುತ್ತದೆ. ಅದರೊಡನೆ ಬೆಳಗೂ ಸಂಜೆಯೂ ಸರಿಯುತ್ತವೆ. ಆದುದರಿಂದ ಸಂಕ್ರಾಂತಿಯ ಎಳ್ಳನ್ನು ಹಂಚುವ ವೇಳೆಗೆ ಸೂರ್ಯಾಸ್ತವು ನವೆಂಬರಿಗಿಂತ ಇಪ್ಪತ್ತು ನಿಮಿಷ ತಡವಾಗಿಯೇ ಇರುತ್ತದೆ.

ಈ ಲೆಕ್ಕದ ಫಲವನ್ನು ಕಾಣಬೇಕಾದರೆ ಅಡಿಕೆಯ ಅಂಗಳಕ್ಕೆ ಹೋಗಬೇಕು. ಚಾಲಿ ಅಡಿಕೆಗೆ ನಲವತ್ತು ದಿನಗಳಿಗೂ ಮೇಲ್ಪಟ್ಟು ಬಿಸಿಲು ಬೇಕು. ಸರಿಯಾಗಿ ಒಣಗದ ಕಾಯಿಯ ತಿರುಳಿಗೆ ಬೂಸು ಹಿಡಿದು, ವರ್ಷದ ದುಡಿಮೆಯ ಬೆಲೆ ಇಳಿಯುತ್ತದೆ. ಮನೆಗಳೋ ಗುಡ್ಡಗಳ ನಡುವಣ ತಗ್ಗಿನಲ್ಲಿ, ತೋಟದ ಅಂಚಿನಲ್ಲಿಯೇ ಇರುವುವು. ಡಿಸೆಂಬರಿನಲ್ಲಿ 40 ಅಡಿಯ ಅಡಿಕೆ ಮರದ ನಡುಹಗಲ ನೆರಳು 29 ಅಡಿಗಳಷ್ಟು ಉತ್ತರಕ್ಕೆ ಚಾಚುತ್ತದೆ. ಫೆಬ್ರವರಿಯ ನಡುವಿಗೆ ಅದು 19 ಅಡಿಗೆ ಕುಗ್ಗುತ್ತದೆ. ನಮ್ಮ ಎಣಿಕೆಯಲ್ಲಿ, ಕೃಷಿಕನಿಗೆ ಹಗಲಿನ ನಿಮಿಷಗಳಿಗಿಂತ ಅಂಗಳವನ್ನು ಬಿಟ್ಟುಕೊಟ್ಟ ಈ ಹತ್ತು ಅಡಿಯ ನೆರಳೇ ದೊಡ್ಡ ಲಾಭ.

ಫೆಬ್ರವರಿಯ ಎರಡನೆಯ ವಾರಕ್ಕೆ ಬೆಳಗೂ ಮುಂದಾಗತೊಡಗುತ್ತದೆ. ತುಳುವರ ಪುಯಿಂತೆಲ್ ತಿಂಗಳ ಕೊನೆಯ ಕೆಡ್ಡಸವು ಬರುವುದೂ ಆಗಲೇ. ಭೂಮಿತಾಯಿ ಋತುಮತಿಯಾದಳೆಂದು ಆ ಮೂರು ದಿನ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಹಾರೆ ಮೂಲೆ ಸೇರಿದೆ. ಸೂರ್ಯನು 6-33ರವರೆಗೆ ಇದ್ದಾನೆ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಕೂಡಿಸಿದ ನನ್ನೆರಿಯನ್ನು ಮೆಲ್ಲುತ್ತ ಜಗಲಿಯಲ್ಲಿ ಕುಳಿತವರಿಗೆ ದೀಪ ಹಚ್ಚುವ ಅವಸರವಿಲ್ಲ.