ಜಾತ್ರಿ ಬಿಡಾರದಾಗ ದುಡಿಮೆ

ಹಿಂಗಾರಿ ಜೋಳಕ್ಕೆ ಎಡೆ ಹೊಡೆದ ಮೇಲೆ ಸುಗ್ಗಿ ತನಕ ನಮ್ಮ ಬೇವೂರು ಕಡೆಯ ಒಣಬೇಸಾಯದವರಿಗೆ ಕೈಕಾಸು ಇರೋದಿಲ್ಲ. ಹಲವರು ಗೋವಾ, ಮಂಗಳೂರಿಗೆ ದುಡಿಯಾಕ ಹೋಗ್ತಾರ. ಸಮೀಪದಾಗೂ ಕೆಲಸ ಐತಿ.

ಜನವರಿ ಸುಮಾರಿಗೆ, ಬನದ ಹುಣ್ಣಿಮೆಗೆ, ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ತೇರು ಎಳೆದ ಮೇಲೂ ವಾರಗಟ್ಟಲೆ ನಡೀತದ. ನಾಟಕ ಕಂಪನಿಗಳು ಅಲ್ಲೇ ಬಿಡಾರ ಹೂಡ್ತಾವ. ಗೂಟ ಬಡಿಯಾಕ, ನೀರು ತುಂಬಾಕ, ರಾತ್ರಿ ಕಾಯಾಕ ಆಳು ಬೇಕಾಗ್ತದ. ಜನ ನೆರೆದ ಮೇಲೆ ಕೇಳಿದ್ರ ತಡ; ಸಾಮಾನು ಇಳಿಸುವಾಗಲೇ ಮ್ಯಾನೇಜರನ್ನ ಕಾಣ್ರಿ. ದಿನಗೂಲಿಯೋ ಗುತ್ತಿಗೆಯೋ, ಊಟ ಯಾರದು, ರಾತ್ರಿ ಪಾಳಿಗೆ ಬೇರೆ ಕೊಡ್ತಾರೋ, ಮೊದಲೇ ಮಾತಾಡ್ರಿ. ಪಗಾರ ವಾರಕ್ಕೊಮ್ಮೆ ಇಸಕೊಳ್ರಿ. ಕಲೆಕ್ಷನ್ ಬಿದ್ದರೆ ಕಂಪನಿ ಕೈಯಾಗೂ ರೊಕ್ಕ ಇರೋದಿಲ್ಲ.

ಅದೇ ಹೊತ್ತಿಗೆ ಜೋಳದ ತೆನಿ ಹಾಲುಗಾಳಾಗಿರ್ತದ. ಹಕ್ಕಿ ಕಾಯಾಕ ಮನ್ಯಾಗ ಒಬ್ಬರನ್ನ ಬಿಟ್ಟೇ ಹೋಗ್ರಿ. ಕಂಬಳಿ ಮರೀಬ್ಯಾಡ್ರಿ, ಅಲ್ಲಿ ಚಳಿ ಜೋರು.