ಅಮ್ಮನಿಗಾಗಿ ಎರಡು ಸಿ.ಎಲ್.

ಊರಿನಿಂದ ತಾಯಿ ಮುಂಬಯಿಗೆ ಬಂದರೆ ನಮ್ಮಲ್ಲಿ ಹಲವರು ಬೆಳಿಗ್ಗೆ ಏಳರ ಲೋಕಲ್ ಹಿಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತೇವೆ. ಹದಿನೈದು ದಿನ ಕಿಟಕಿಯ ಸರಳು ಹಿಡಿದು ನಿಂತ ಆ ಜೀವ "ಇನ್ನು ಊರಿಗೆ ಕಳಿಸು ಮಗಾ" ಎನ್ನುತ್ತದೆ. ಕ್ಯಾಶುವಲ್ ರಜೆ ಇರುವುದು ಇದಕ್ಕಲ್ಲದೆ ಮತ್ತೇತಕ್ಕೆ?

ಟ್ಯಾಕ್ಸಿ, ಪ್ಯಾಕೇಜ್ ಟೂರ್ ಬೇಡ. ವಾರದ ನಡುವೆ, ಜನಸಂದಣಿ ಇಳಿದ ಮೇಲೆ ಹೊರಟು, ದಿನಕ್ಕೆ ಒಂದೇ ಜಾಗ ನೋಡಿದರೆ ಸಾಕು. ಎಲಿಫೆಂಟಾವನ್ನು ನಾನು ಕೈಬಿಟ್ಟೆ. ದೋಣಿ ಇಳಿದ ಮೇಲೆ ನೂರಕ್ಕೂ ಹೆಚ್ಚು ಮೆಟ್ಟಿಲು, ಮಂಡಿನೋವಿನವರಿಗೆ ಅದು ಶಿಕ್ಷೆ. ಮೊದಲ ದಿನ ಮಾಟುಂಗಾ: ಹೂವಿನ ಅಂಗಡಿಗಳ ಸಾಲು, ಮಧ್ಯಾಹ್ನ 1942ರಿಂದ ನಡೆದುಬಂದಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಊಟ. ಒಂದು ಮಹಡಿ ಹತ್ತಬೇಕು, ನಿಧಾನವಾಗಿ ಹತ್ತಿದರಾಯಿತು. ಬಡಿಸುವವನ ಊರು, ಮನೆ ಎಲ್ಲ ವಿಚಾರಿಸಿಯೇ ಅಮ್ಮ ಎದ್ದರು.

ಮರುದಿನ ಚರ್ಚ್‌ಗೇಟಿನಲ್ಲಿ ಇಳಿದು ಮರೀನ್ ಡ್ರೈವ್‌ನ ಕಟ್ಟೆಯಲ್ಲಿ ಎರಡು ತಾಸು ಕುಳಿತೆವು. "ಇದು ನಮ್ಮ ಮಲ್ಪೆಯ ಕಡಲೇ ಅಲ್ವಾ?" ಎಂದರು. ಹೌದು, ಅದೇ ಅರಬ್ಬಿ ಸಮುದ್ರ. ಸಂಜೆಯ ನೂಕುನುಗ್ಗಲಿಗೆ ಮೊದಲೇ ವಾಪಸಾದೆವು. ಎರಡೂ ದಿನದ ಒಟ್ಟು ಖರ್ಚು ಸಾವಿರದೊಳಗೆ.

ಹೊರಡುವ ಮುನ್ನ ಶೌಚಾಲಯ ಎಲ್ಲಿದೆಯೆಂದು ಮಾತ್ರ ತಿಳಿದುಕೊಳ್ಳಿ. ಹಿರಿಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ನೀರು ಕುಡಿಯುವುದನ್ನೇ ಬಿಡುತ್ತಾರೆ.