ಬೇಗಂಪೇಟೆಯ ಸೊಳ್ಳೆ ಹೇಳುವ ಜೀವಶಾಸ್ತ್ರ

ಜೀವಶಾಸ್ತ್ರದ ಪ್ರವೇಶಪಾಠಗಳಲ್ಲಿ ಮೂರು ಪದಗಳು ಮೊದಲಿಗೆ ಬರುತ್ತವೆ: ವೈಜ್ಞಾನಿಕ ವಿಧಾನ, ಜೀವವಿಕಾಸ, ಜೀವವಲಯ. ತರಬೇತಿ ಕೇಂದ್ರಗಳಿಗೆ ಹೆಸರಾದ ಅಮೀರ್‌ಪೇಟ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳ ಮಕ್ಕಳು ಇವುಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಈ ಮೂರನ್ನೂ ಒಟ್ಟಿಗೆ ತಿಳಿಸಬಲ್ಲ ಕಥೆಯೊಂದು ನಮ್ಮ ನೆರೆಯ ಬೇಗಂಪೇಟೆಯಲ್ಲೇ ಇದೆ. ಅಲ್ಲಿ ಹಳೆಯ ವಿಮಾನ ನಿಲ್ದಾಣದ ಬಳಿ ಸರ್ ರೊನಾಲ್ಡ್ ರಾಸ್ ಅವರ ಹೆಸರಿನ ಪಾರಂಪರಿಕ ಕಟ್ಟಡವಿದೆ. ಮಲೇರಿಯಾ ಪರಾವಲಂಬಿಯು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಅವರು ಕಂಡದ್ದು ಈ ಪರಿಸರದಲ್ಲಿ.

ಊಹೆ ಮತ್ತು ಒರೆಗಲ್ಲು

ವೈಜ್ಞಾನಿಕ ವಿಧಾನವೆಂದರೆ ಗಮನಿಸುವುದು, ಊಹಿಸುವುದು, ಊಹೆಯನ್ನು ಪ್ರಯೋಗದ ಒರೆಗೆ ಹಚ್ಚುವುದು, ಸರಿಹೊಂದದಿದ್ದರೆ ಊಹೆಯನ್ನೇ ಕೈಬಿಡುವುದು. ಈ ಕೊನೆಯ ಹೆಜ್ಜೆಯೇ ಕಠಿಣವಾದದ್ದು.

ರೋಗಿಯ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯನ್ನು ಫ್ರಾನ್ಸಿನ ಲಾವೆರಾನ್ 1880ರಲ್ಲೇ ಗುರುತಿಸಿದ್ದರು. ಅದು ಒಬ್ಬರಿಂದ ಒಬ್ಬರಿಗೆ ದಾಟುವುದು ಹೇಗೆಂಬುದು ತಿಳಿದಿರಲಿಲ್ಲ. ಇದರಲ್ಲಿ ಸೊಳ್ಳೆಯ ಪಾತ್ರವಿದೆ, ಸೊಳ್ಳೆ ಸತ್ತುಬಿದ್ದ ನೀರನ್ನು ಕುಡಿದವರಿಗೆ ರೋಗ ತಗಲುತ್ತದೆ ಎಂಬುದು ಲಂಡನ್ನಿನ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಊಹೆ. ವೈದ್ಯಾಧಿಕಾರಿ ರಾಸ್ 1895ರಲ್ಲಿ ಸಿಕಂದರಾಬಾದಿನಲ್ಲಿ ಅಂಥ ನೀರನ್ನು ಒಪ್ಪಿದವರಿಗೆ ಕುಡಿಸಿ ಪರೀಕ್ಷಿಸಿದರು. ಊಹೆಗೆ ಆಧಾರ ದೊರೆಯಲಿಲ್ಲ. ಅದೇ ವರ್ಷ ಕಾಲರಾ ನಿಯಂತ್ರಣಕ್ಕಾಗಿ ಅವರನ್ನು ಬೆಂಗಳೂರಿಗೆ ಕಳುಹಿಸಲಾಯಿತು.

1897ರಲ್ಲಿ ಸಿಕಂದರಾಬಾದಿಗೆ ಮರಳಿದ ರಾಸ್ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಹುಕಾಲ ಏನೂ ಕಾಣಲಿಲ್ಲ. ಅವರು ನೋಡುತ್ತಿದ್ದವು ಮನುಷ್ಯರ ಮಲೇರಿಯಾವನ್ನು ಹರಡುವ ಜಾತಿಗಳೇ ಆಗಿರಲಿಲ್ಲ. ಆಗಸ್ಟಿನಲ್ಲಿ ರೆಕ್ಕೆಯ ಮೇಲೆ ಮಚ್ಚೆಗಳಿದ್ದ ಬೇರೊಂದು ಬಗೆಯ ಸೊಳ್ಳೆಗಳು ದೊರೆತವು. ಅವುಗಳಿಂದ ಹುಸೇನ್ ಖಾನ್ ಎಂಬ ರೋಗಿಯನ್ನು ಕಚ್ಚಿಸಿ, ಸೊಳ್ಳೆಗೊಂದು ಆಣೆಯಂತೆ ಅವನಿಗೆ ಹಣ ಕೊಟ್ಟರು. ಆಗಸ್ಟ್ 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ಕೋಶಗಳು ಕಂಡವು. ಅಂಥ ಕಣಗಳು ಮಲೇರಿಯಾ ಪರಾವಲಂಬಿಯ ಗುರುತು. ಮರುದಿನ ಸೀಳಿದ ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಅಂದರೆ ಅವು ಬೆಳೆಯುತ್ತಿದ್ದವು.

1898ರಲ್ಲಿ ರಾಸ್ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾವು ಸೊಳ್ಳೆಯ ಕಡಿತದಿಂದಲೇ ಹರಡುವುದನ್ನು ತೋರಿಸಿದರು. ಮನುಷ್ಯರ ವಿಷಯದಲ್ಲಿ ಇದನ್ನು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು ಖಚಿತಪಡಿಸಿದರು. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಬಹುಮಾನ ಸಂದಿತು.

ಸೊಳ್ಳೆ ಬದಲಾದ ಬಗೆ

1953ರಲ್ಲಿ ಭಾರತವು ಡಿ.ಡಿ.ಟಿ. ಸಿಂಪಡಿಸಿ ಮಲೇರಿಯಾವನ್ನು ಹತ್ತಿಕ್ಕುವ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಕೋಟಿಗಟ್ಟಲೆ ಇದ್ದ ರೋಗಿಗಳ ಸಂಖ್ಯೆ 1965ರ ಹೊತ್ತಿಗೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಜೀವವಿಕಾಸ.

ಸೊಳ್ಳೆಗೆ ವಿಷ "ಅಭ್ಯಾಸವಾಯಿತು" ಎಂದು ನಾವು ಮಾತಿಗೆ ಹೇಳುವುದುಂಟು. ನಡೆಯುವುದು ಹಾಗಲ್ಲ. ಲಕ್ಷಾಂತರ ಸೊಳ್ಳೆಗಳಲ್ಲಿ ಕೆಲವಕ್ಕೆ ವಿಷವನ್ನು ತಾಳುವ ಗುಣ ಹುಟ್ಟಿನಿಂದಲೇ ಇರುತ್ತದೆ. ಸಿಂಪಡಿಸಿದಾಗ ಉಳಿದವು ಸಾಯುತ್ತವೆ, ಇವು ಬದುಕಿ ಮರಿಮಾಡುತ್ತವೆ. ಪೀಳಿಗೆ ಕಳೆದಂತೆ ಆ ಗುಣವೇ ಸಂತತಿಯಲ್ಲಿ ಹೆಚ್ಚುತ್ತದೆ. ಡಾರ್ವಿನ್ 1859ರಲ್ಲಿ ವಿವರಿಸಿದ ನಿಸರ್ಗದ ಆಯ್ಕೆ ಇದೇ.

ನೆಲ, ನೀರು ಮತ್ತು ನಮ್ಮ ತೊಟ್ಟಿ

ಒಂದು ಪ್ರದೇಶದ ಹವೆ ಮತ್ತು ಅದಕ್ಕೆ ಹೊಂದಿದ ಸಸ್ಯ, ಪ್ರಾಣಿಗಳ ಸಮುದಾಯವೇ ಜೀವವಲಯ. ಪಶ್ಚಿಮಘಟ್ಟದ ಮಲೆನಾಡು ಹೆಚ್ಚು ಮಳೆಯ ಕಾಡು. ಹೈದರಾಬಾದಿನದು ಎಲೆಯುದುರುವ ಮರಗಳ, ಮುಳ್ಳುಕುರುಚಲಿನ ಒಣನಾಡು. ಮಲೆನಾಡಿನಲ್ಲಿ ಹಿಂದೆ ಮಲೇರಿಯಾ ಹರಡಿದ ಅನಾಫಿಲಿಸ್ ಫ್ಲುವಿಯಾಟಿಲಿಸ್ ಮೆಲ್ಲನೆ ಹರಿಯುವ ತೊರೆಗಳಲ್ಲಿ ಮೊಟ್ಟೆಯಿಡುತ್ತದೆ. ಇಲ್ಲಿ ಅಂಥ ತೊರೆಗಳಿಲ್ಲ. ಆದರೆ ಅನಾಫಿಲಿಸ್ ಸ್ಟೆಫೆನ್ಸಿ ಎಂಬ ನಗರದ ಸೊಳ್ಳೆಗೆ ಮಹಡಿಯ ಮೇಲಿನ ತೊಟ್ಟಿ, ನೆಲದಡಿಯ ಸಂಪು ಸಾಕು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೂಲರಿನ ನೀರು, ಹೂಕುಂಡದ ತಟ್ಟೆಯೂ ಸಾಕು. ಒಣನಾಡಿನ ಬೇಸಿಗೆಯಲ್ಲೂ ಅವಕ್ಕೆ ನೀರನ್ನು ಒದಗಿಸಿದವರು ನಾವೇ.

ಮೊಟ್ಟೆಯು ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರದಿಂದ ಹತ್ತು ದಿನ ಬೇಕು. ಆದುದರಿಂದ ವಾರಕ್ಕೊಮ್ಮೆ ನಿಂತ ನೀರನ್ನು ಚೆಲ್ಲಿ, ತೊಟ್ಟಿಯನ್ನು ಭದ್ರವಾಗಿ ಮುಚ್ಚುವುದು ಯಾವ ವಿಷಕ್ಕಿಂತಲೂ ಮಿಗಿಲು. ನೀರಿಲ್ಲದೆ ಬೆಳೆಯುವ ವಿದ್ಯೆ ಸೊಳ್ಳೆಗೆ ಇನ್ನೂ ಬಂದಿಲ್ಲ. ಚೆಲ್ಲುವ ಮುನ್ನ ಮಕ್ಕಳನ್ನು ಕರೆದು ಮರಿಹುಳುಗಳನ್ನು ತೋರಿಸೋಣ. ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿದವು ಅನಾಫಿಲಿಸ್. ತಲೆಕೆಳಗಾಗಿ ಓರೆಯಾಗಿ ತೂಗುವವು ಈಡಿಸ್ ಅಥವಾ ಕ್ಯುಲೆಕ್ಸ್. ಯಾವುದು ಎಲ್ಲಿ, ಯಾವ ತಿಂಗಳಲ್ಲಿ ಕಂಡಿತೆಂದು ಅವರೇ ಬರೆದಿಡಲಿ. ಬಾಯಿಪಾಠದ ವ್ಯಾಖ್ಯೆಗೆ ಅರ್ಥ ಬರುವುದು ಆಗಲೇ, ಮನೆಯವರ ಆರೋಗ್ಯವೂ ಅದರಿಂದ ಉಳಿಯುತ್ತದೆ.